ಅಂಧರಿಗೆ ಅಕ್ಷರವಿತ್ತ ಲೂಯಿ ಬ್ರೈಲ್ ಮಹಾಶಯನು

ದಾನಗಳಲ್ಲಿ ವಿದ್ಯಾದಾನವು ಮೇಲಾದುದೆಂದು ನಮ್ಮ ಹಿರಿಯರು ಬಗೆದು ಅದರಂತೆ ನಡೆದುಬಂದಿರುವರು. ಮಠಗಳ ಆಶ್ರಯದಲ್ಲಿ ಪಾಠಶಾಲೆಗಳೂ ಪ್ರಸಾದನಿಲಯಗಳೂ ತಲೆಯೆತ್ತಿದುದಕ್ಕೆ ಈ ಭಾವನೆಯೇ ಮೂಲವು. ಆದರೆ ವಿದ್ಯೆಯನ್ನು ನೀಡುವವರು ಆಗಾಗ ತಮ್ಮೊಳಗೆ ವಿಚಾರಿಸಿಕೊಳ್ಳಬೇಕಾದ ಮಾತೊಂದುಂಟು. ಪಡೆಯುವವನಿಗೆ ಯಾವುದು ಹಿತವೆಂಬುದನ್ನು ನೀಡುವವನೊಬ್ಬನೇ ನಿಶ್ಚಯಿಸತಕ್ಕದ್ದೋ, ಅಥವಾ ಪಡೆಯುವವನ ಅನುಭವಕ್ಕೂ ಇಷ್ಟಕ್ಕೂ ಅಲ್ಲಿ ಎಡೆಯುಂಟೋ? ಕಣ್ಣು ಕಾಣದವರು, ಕಿವಿ ಕೇಳದವರು, ಕೈಕಾಲುಗಳಲ್ಲಿ ಊನವುಳ್ಳವರು, ಇವರ ವಿಷಯದಲ್ಲಿ ಈ ಪ್ರಶ್ನೆಯು ಇನ್ನೂ ತೀಕ್ಷ್ಣವಾಗುತ್ತದೆ. ಏಕೆಂದರೆ ಇಂತಹವರ ಮೇಲೆ ಕರುಣೆಯಿಡುವವರು ಬಹಳ ಮಂದಿ. ಇವರ ಮಾತನ್ನು ಕೇಳಿ ಅದರಂತೆ ನಡೆಯುವವರು ಕೆಲವರೇ. ಫ್ರಾನ್ಸ್ ದೇಶದ ಒಂದು ಚಿಕ್ಕ ಹಳ್ಳಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ಕಣ್ಣುಗಳನ್ನು ಕಳೆದುಕೊಂಡು, ಲೋಕದ ಅಂಧರೆಲ್ಲರಿಗೂ ಓದು ಬರಹಗಳನ್ನು ದೊರಕಿಸಿಕೊಟ್ಟ ಲೂಯಿ ಬ್ರೈಲ್ ಮಹಾಶಯನ ಚರಿತ್ರೆಯು ಈ ಪ್ರಶ್ನೆಗೆ ಒಳ್ಳೆಯ ಉತ್ತರವಾಗಿದೆ. ಭಕ್ತಜನರು ಅದನ್ನು ಅರಿತುಕೊಳ್ಳುವುದು ಉಚಿತವೆಂದು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು.

ಲೂಯಿಯು 1809ನೆಯ ಇಸವಿ ಜನವರಿ 4ನೆಯ ದಿನ, ಪ್ಯಾರಿಸ್ ನಗರಕ್ಕೆ ಮೂಡಲಲ್ಲಿ ಸುಮಾರು 40 ಕಿಲೋಮೀಟರುಗಳ ದೂರದಲ್ಲಿರುವ ಕೂವ್ರೇ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಸಿಮೋನ್ ರೆನೇ ಬ್ರೈಲನು ಕುದುರೆಗಳ ಜೀನು, ಲಗಾಮು ಮೊದಲಾದುವನ್ನು ಮಾಡುವ ಜೀನಗಾರನು; ತನ್ನ ಕಸಬಿನಲ್ಲಿ ನಿಷ್ಠೆಯುಳ್ಳವನು. ನಾಲ್ವರು ಮಕ್ಕಳಲ್ಲಿ ಲೂಯಿಯೇ ಕಡೆಯವನಾದುದರಿಂದ ಮನೆಮಂದಿಗೆಲ್ಲ ಅಚ್ಚುಮೆಚ್ಚಿನವನಾಗಿದ್ದನು. ಮೂರು ವರುಷದವನಾಗಿದ್ದಾಗ ಒಂದು ದಿನ ತಂದೆಯ ಕೆಲಸದ ಕೊಟ್ಟಿಗೆಯಲ್ಲಿ ಆಡುತ್ತ, ಚರ್ಮದ ಕೆಲಸದ ಚೂಪಾದ ಹತ್ಯಾರವೊಂದನ್ನು ಕೈಗೆತ್ತಿಕೊಂಡನು. ಅದು ಜಾರಿ ಒಂದು ಕಣ್ಣಿಗೆ ನಾಟಿತು. ಗಾಯವು ಕೀತು, ನಂಜು ಮತ್ತೊಂದು ಕಣ್ಣಿಗೂ ಹರಡಿತು. ಅಂದಿನ ವೈದ್ಯರಿಗೆ ಅದನ್ನು ತಡೆಯುವ ಉಪಾಯವು ತಿಳಿದಿರಲಿಲ್ಲ. ಐದು ವರುಷ ತುಂಬುವಷ್ಟರಲ್ಲಿ ಬಾಲಕನಿಗೆ ಎರಡು ಕಣ್ಣುಗಳೂ ಕಾಣದಂತಾದುವು.

ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಗುವಿಗೆ ಬೀದಿಯಲ್ಲಿ ಕೈಯೊಡ್ಡುವುದೇ ಮುಂದಿನ ಗತಿಯಾಗಿದ್ದಿತು. ಲೂಯಿಯ ತಂದೆತಾಯಿಗಳು ಈ ಗತಿಗೆ ಒಪ್ಪಲಿಲ್ಲ. ಮಗನನ್ನು ಮೂಲೆಯಲ್ಲಿ ಕುಳ್ಳಿರಿಸಿ ಮರುಗುತ್ತ ಕೂಡುವುದಕ್ಕೂ ಒಪ್ಪಲಿಲ್ಲ. ತಂದೆಯು ಊರುಗೋಲೊಂದನ್ನು ಮಾಡಿಕೊಟ್ಟನು. ಬಾಲಕನು ಅದನ್ನೂರಿಕೊಂಡು ಹಳ್ಳಿಯ ಓಣಿಗಳಲ್ಲಿ ಒಬ್ಬನೇ ತಿರುಗಾಡುವುದನ್ನು ಕಲಿತನು. ಮರದ ಹಲಗೆಯ ಮೇಲೆ ಗುಂಡುತಲೆಯ ಮೊಳೆಗಳನ್ನು ಅಕ್ಷರಗಳ ಆಕಾರದಲ್ಲಿ ಬಡಿದು, ಮಗನ ಬೆರಳುಗಳನ್ನು ಅವುಗಳ ಮೇಲೆ ಆಡಿಸಿ, ತಂದೆಯು ಅಕ್ಷರಾಭ್ಯಾಸವನ್ನು ಮಾಡಿಸಿದನು. ಊರಿನ ಪಾದ್ರಿಯಾದ ಪಲ್ಲುಯಿ ಎಂಬವನು ಹುಡುಗನ ಚುರುಕುತನವನ್ನು ಕಂಡು ತಾನೇ ಕೆಲವು ಪಾಠಗಳನ್ನು ಹೇಳಿದನು. ಅನಂತರ ಶಾಲೆಯ ಉಪಾಧ್ಯಾಯನಾದ ಬೆಶೆರೆಯು ಕಣ್ಣುಳ್ಳ ಮಕ್ಕಳೊಡನೆಯೇ ಅವನನ್ನು ಕೂಡಿಸಿಕೊಂಡನು. ಕೇಳಿದುದನ್ನೆಲ್ಲ ಲೂಯಿಯು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದನು. ಆದರೆ ಉಳಿದ ಮಕ್ಕಳು ಪುಸ್ತಕವನ್ನು ತೆರೆದೊಡನೆ ಅವನು ಸುಮ್ಮನೆ ಕೈಕಟ್ಟಿ ಕೂಡಬೇಕಾಗುತ್ತಿದ್ದಿತು. ಬೇರೊಬ್ಬರು ಓದಿ ಹೇಳಿದಷ್ಟೇ ಅವನ ಪಾಲಿನ ವಿದ್ಯೆ. ಈ ಪರಾಧೀನತೆಯ ಕಹಿಯು ಅವನಿಗೆ ಅಂದೇ ಅನುಭವವಾಗಿದ್ದಿರಬೇಕು.

ಪ್ಯಾರಿಸ್ ನಗರದಲ್ಲಿ ಅಂಧಬಾಲಕರಿಗಾಗಿಯೇ ಒಂದು ವಿದ್ಯಾಲಯವಿದ್ದಿತು. 1785ರಲ್ಲಿ ವ್ಯಾಲೆಂಟಿನ್ ಹಾವೀ ಎಂಬ ಪುಣ್ಯಪುರುಷನು ಅದನ್ನು ಸ್ಥಾಪಿಸಿದನು. ಅದಕ್ಕೆ ಮುಂಚೆ ಅವನು ಲೆಸ್ಯೂರ್ ಎಂಬ ಅಂಧ ಭಿಕ್ಷುಕ ತರುಣನಿಗೆ ಓದು ಕಲಿಸಿ, ಅಂಧರೂ ವಿದ್ಯೆಗೆ ಅರ್ಹರೆಂಬುದನ್ನು ತೋರಿಸಿಕೊಟ್ಟಿದ್ದನು. ಪಾದ್ರಿಯ ಮತ್ತು ಊರಿನ ಶ್ರೀಮಂತನೊಬ್ಬನ ನೆರವಿನಿಂದ ಲೂಯಿಗೆ ಅಲ್ಲಿ ವಿದ್ಯಾರ್ಥಿವೇತನ ದೊರೆಯಿತು. 1819ನೆಯ ಇಸವಿ ಫೆಬ್ರುವರಿ 15ನೆಯ ದಿನ, ಹತ್ತು ವರುಷದ ಬಾಲಕನನ್ನು ತಂದೆಯು ಅಲ್ಲಿಗೆ ಒಪ್ಪಿಸಿ ಬಂದನು. ಕಟ್ಟಡವು ಬಹಳ ಹಳೆಯದು, ಗೋಡೆಗಳೆಲ್ಲ ತೇವ, ಊಟವು ಅಷ್ಟಕ್ಕಷ್ಟೆ, ಶಿಸ್ತು ಬಿಗಿಯಾದುದು. ಆದರೂ ವ್ಯಾಕರಣ, ಗಣಿತ, ಭೂಗೋಳ, ಸಂಗೀತ, ಕೈಕಸಬುಗಳು ಎಲ್ಲವನ್ನೂ ಲೂಯಿಯು ಶ್ರದ್ಧೆಯಿಂದ ಕಲಿತು ಬಹುಮಾನಗಳನ್ನು ಗಳಿಸಿದನು.

ಅಲ್ಲಿನ ಪುಸ್ತಕಗಳ ರೀತಿಯನ್ನು ಇಲ್ಲಿ ತುಸು ವಿವರಿಸಬೇಕು. ಹಾವೀ ಮಹಾಶಯನು ಸಾಮಾನ್ಯ ಅಕ್ಷರಗಳನ್ನೇ ದೊಡ್ಡದಾಗಿ ಮಾಡಿ, ದಪ್ಪ ಕಾಗದದ ಮೇಲೆ ಉಬ್ಬಿ ಬರುವಂತೆ ಅಚ್ಚೊತ್ತಿಸಿದ್ದನು. ಒಂದೊಂದು ಗ್ರಂಥವೂ ಮಕ್ಕಳು ಎತ್ತಲಾರದಷ್ಟು ಭಾರ. ಅಕ್ಷರದ ಗೆರೆಯೆಲ್ಲಿ ಬಾಗುತ್ತದೆ, ಎಲ್ಲಿ ಕೂಡುತ್ತದೆ ಎಂಬುದನ್ನು ಬೆರಳಿನಿಂದ ತಡವಿ ತಡವಿ ತಿಳಿಯಬೇಕು. ಪಂಕ್ತಿಯ ಕೊನೆಯನ್ನು ಮುಟ್ಟುವ ವೇಳೆಗೆ ಅದರ ಮೊದಲು ಮರೆತುಹೋಗುವ ಸ್ಥಿತಿ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಅಕ್ಷರಗಳನ್ನು ಅಂಧನು ತಾನಾಗಿ ಬರೆಯುವಂತಿರಲಿಲ್ಲ. ಓದುವುದಕ್ಕೆ ಕಣ್ಣುಳ್ಳವರು ಅಚ್ಚುಹಾಕಿಕೊಟ್ಟುದು ಮಾತ್ರ. ಬರೆಯುವುದಕ್ಕೆ ಕಣ್ಣುಳ್ಳ ಲಿಪಿಕಾರನೇ ಗತಿ. ಹಾವೀಯ ದಯೆಯು ದೊಡ್ಡದು; ಅದನ್ನು ಬ್ರೈಲನು ಎಂದಿಗೂ ಮರೆಯಲಿಲ್ಲ. ಆದರೆ ಆ ಅಕ್ಷರಗಳು ಕಣ್ಣಿಗಾಗಿ ಹುಟ್ಟಿದುವು. ಬೆರಳಿಗೆ ಯಾವುದು ಸುಲಭವೆಂಬುದನ್ನು ಬೆರಳಿನಿಂದಲೇ ಓದುವವರನ್ನು ಯಾರೂ ಕೇಳಿರಲಿಲ್ಲ.

ಇಂತಿರಲು 1821ರಲ್ಲಿ ಶಾರ್ಲ್ ಬಾರ್ಬಿಯೇ ಎಂಬ ಮಾಜಿ ಸೈನ್ಯಾಧಿಕಾರಿಯು ತಾನು ಕಲ್ಪಿಸಿದ ಹೊಸ ಬರವಣಿಗೆಯನ್ನು ವಿದ್ಯಾಲಯಕ್ಕೆ ತಂದು ತೋರಿಸಿದನು. ಅದರಲ್ಲಿ ಗೆರೆಗಳ ಬದಲು ಉಬ್ಬು ಚುಕ್ಕೆಗಳು ಇದ್ದುವು. ನಮ್ಮ ಪೂರ್ವಿಕರು ತಾಳೆಗರಿಯ ಮೇಲೆ ಕಂಟದಿಂದ ಕೊರೆಯುತ್ತಿದ್ದಂತೆ, ಮೊನೆಯುಳ್ಳ ಕಡ್ಡಿಯಿಂದ ಕಾಗದವನ್ನು ಒತ್ತಿದರೆ ಹಿಂಬದಿಯಲ್ಲಿ ಚುಕ್ಕೆಯು ಉಬ್ಬಿ ನಿಲ್ಲುವುದು. ವಿದ್ಯಾರ್ಥಿಗಳು ಬೆರಳಿಟ್ಟು ನೋಡಿ ಹಿಗ್ಗಿದರು. ಚುಕ್ಕೆಯು ಗೆರೆಗಿಂತ ಬೇಗ ಬೆರಳಿಗೆ ತಿಳಿಯುವುದೆಂಬುದೂ, ಅಂಧನು ತಾನೇ ಬರೆಯಬಹುದೆಂಬುದೂ ಅವರಿಗೆ ಗೊತ್ತಾಯಿತು. ಆದರೆ ಬಾರ್ಬಿಯೇ ಪದ್ಧತಿಯಲ್ಲಿಯೂ ಎರಡು ದೋಷಗಳಿದ್ದುವು. ಒಂದೊಂದು ಸಂಕೇತಕ್ಕೂ 6ರಂತೆ ಎರಡು ಸಾಲುಗಳಲ್ಲಿ 12 ಚುಕ್ಕೆಗಳವರೆಗೆ ಬೇಕಾಗುತ್ತಿದ್ದುದರಿಂದ, ಸಂಕೇತವು ಬೆರಳ ತುದಿಗಿಂತ ದೊಡ್ಡದಾಗಿದ್ದಿತು. ಅಲ್ಲದೆ ಅದು ಉಚ್ಚಾರದ ಧ್ವನಿಗಳನ್ನು ಮಾತ್ರ ಗುರುತಿಸುತ್ತಿದ್ದಿತು. ಕಾಗುಣಿತ, ವಿರಾಮಚಿಹ್ನೆ, ಅಂಕಿ, ಸ್ವರಲಿಪಿ ಯಾವುದಕ್ಕೂ ಅದರಲ್ಲಿ ಸ್ಥಳವಿರಲಿಲ್ಲ. ಫ್ರೆಂಚ್ ಭಾಷೆಯಲ್ಲಿ ಉಚ್ಚಾರಕ್ಕೂ ಬರಹಕ್ಕೂ ಬಹಳ ಅಂತರವುಂಟು. ಧ್ವನಿಯನ್ನು ಮಾತ್ರ ಬರೆಯಲು ಕಲಿತ ಅಂಧನು ತನ್ನ ಭಾಷೆಯ ಶುದ್ಧ ಬರಹವನ್ನು ಅರಿಯದೆಯೇ ಉಳಿಯುತ್ತಿದ್ದನು.

ಹನ್ನೆರಡು ವರುಷದ ಲೂಯಿಗೆ ಇದು ಸಾಲದೆನಿಸಿತು. ಕಣ್ಣುಳ್ಳವರಿಗೆ ಪೂರ್ಣವಾದ ಅಕ್ಷರಮಾಲೆ, ಅಂಧರಿಗೆ ಅರ್ಧದ್ದು, ಎಂಬ ಭೇದಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ಪಾಠಗಳು ಮುಗಿದ ಮೇಲೂ, ರಜೆಗೆ ಹಳ್ಳಿಗೆ ಹೋದಾಗಲೂ, ಕಾಗದ ಕಡ್ಡಿಗಳನ್ನು ಹಿಡಿದು ಚುಕ್ಕೆಗಳನ್ನು ಒತ್ತುತ್ತ, ಅಳಿಸುತ್ತ, ಮತ್ತೆ ಒತ್ತುತ್ತ ಮೂರು ವರುಷಗಳನ್ನು ಕಳೆದನು. 1824ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಅವನ ಲಿಪಿಯು ಬಹುಮಟ್ಟಿಗೆ ರೂಪುಗೊಂಡಿತು.

ಅದರ ಕ್ರಮವು ಸರಳವಾದುದು. ಎರಡು ಕಂಬಸಾಲುಗಳಲ್ಲಿ ಮೂರು ಮೂರರಂತೆ ಆರು ಚುಕ್ಕೆಗಳ ಒಂದು ಮನೆ. ಈ ಮನೆಯು ಬೆರಳ ತುದಿಯ ಕೆಳಗೆ ಒಂದೇ ಸಲಕ್ಕೆ ಅಡಗುತ್ತದೆ. ಬೆರಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕಾದುದಿಲ್ಲ. ಈ ಆರರಲ್ಲಿ ಯಾವುವು ಉಬ್ಬಿವೆ, ಯಾವುವು ಇಲ್ಲ ಎಂಬುದರಿಂದ 63 ಸಂಕೇತಗಳು ಹುಟ್ಟುತ್ತವೆ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕೆಗಳೇ ಸಾಕು; ಮುಂದಿನ ಹತ್ತಕ್ಕೆ ಅವೇ ಆಕಾರಗಳೊಡನೆ ಕೆಳಗಿನ ಎಡಚುಕ್ಕೆಯನ್ನು ಕೂಡಿಸಬೇಕು; ಅದರ ಮುಂದಿನವಕ್ಕೆ ಕೆಳಗಿನ ಎರಡನ್ನೂ ಕೂಡಿಸಬೇಕು. ಹೀಗೆ ಹತ್ತನ್ನು ಕಲಿತವನಿಗೆ ಉಳಿದುದೆಲ್ಲ ತಾನಾಗಿ ಬರುತ್ತದೆ. ಬರೆಯುವಾಗ ಬಲದಿಂದ ಎಡಕ್ಕೆ ಒತ್ತುತ್ತ ಹೋಗಿ, ಕಾಗದವನ್ನು ಮಗುಚಿ ಎಡದಿಂದ ಬಲಕ್ಕೆ ಓದುವುದು. 1829ರಲ್ಲಿ ಬ್ರೈಲನು ಮಾತು ಮತ್ತು ಸಂಗೀತಗಳನ್ನು ಚುಕ್ಕೆಗಳಿಂದ ಬರೆಯುವ ವಿಧಾನವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ಬಾರ್ಬಿಯೇಗೆ ತಾನು ಋಣಿಯೆಂಬುದನ್ನು ಅದರಲ್ಲಿಯೇ ಮುಕ್ತಮನಸ್ಸಿನಿಂದ ಹೇಳಿಕೊಂಡನು. 1837ರಲ್ಲಿ ತಿದ್ದುಪಡಿಗಳೊಡನೆ ಎರಡನೆಯ ಆವೃತ್ತಿಯು ಹೊರಬಂದಿತು. ಅದೇ ವರುಷ ಫ್ರಾನ್ಸ್ ದೇಶದ ಸಂಕ್ಷಿಪ್ತ ಇತಿಹಾಸವೊಂದು ಮೂರು ಸಂಪುಟಗಳಲ್ಲಿ ಈ ಲಿಪಿಯಲ್ಲಿ ಸಿದ್ಧವಾಯಿತು.

ವಿದ್ಯೆ ಪಡೆದ ಮನೆಯಲ್ಲಿಯೇ ಬ್ರೈಲನು ವಿದ್ಯೆ ನೀಡುವವನೂ ಆದನು. 1828ರಲ್ಲಿ ಸಹಾಯಕ ಶಿಕ್ಷಕನಾಗಿ, 1833ರಲ್ಲಿ ತನ್ನ ಅಂಧಮಿತ್ರರಾದ ಗೋತಿಯೇ ಮತ್ತು ಕೋಲ್ತಾ ಎಂಬವರೊಡನೆ ಪೂರ್ಣಾಧಿಕಾರವುಳ್ಳ ಶಿಕ್ಷಕನಾಗಿ ನೇಮಕಗೊಂಡನು. ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ವಾದ್ಯವನ್ನು ನುಡಿಸಿ ಹೆಸರು ಗಳಿಸಿದನು. ಸ್ವಭಾವವು ಶಾಂತ, ಮಾತು ಮಿತ, ಜೀವನವು ಸರಳ. ಕಷ್ಟದಲ್ಲಿದ್ದ ವಿದ್ಯಾರ್ಥಿಗಳಿಗೆ ಕೈಯಲ್ಲಿದ್ದುದನ್ನು ಕೊಟ್ಟುಬಿಡುತ್ತಿದ್ದನು. ಆ ತೇವದ ಕಟ್ಟಡದಲ್ಲಿ ಬೆಳೆದ ಶರೀರಕ್ಕೆ ಸುಮಾರು 1835ರಿಂದ ಕ್ಷಯರೋಗವು ತಗುಲಿತು. ಆಗಾಗ ಹಳ್ಳಿಗೆ ಹೋಗಿ ಚೇತರಿಸಿಕೊಂಡು ಬಂದು ಮತ್ತೆ ಪಾಠ ಹೇಳುವುದು, ಇದೇ ಅವನ ಮುಂದಿನ ಬಾಳಾಯಿತು.

ಬ್ರೈಲನ ಲಿಪಿಯನ್ನು ಹೊಗಳಿದವರುಂಟು, ಒಪ್ಪಿದವರು ಕಡಮೆ. 1834ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಕೈಗಾರಿಕಾ ಪ್ರದರ್ಶನದಲ್ಲಿ ಅದನ್ನು ತೋರಿಸಲಾಯಿತು. ಸರಕಾರದಿಂದ ಯಾವ ಅಂಗೀಕಾರವೂ ದೊರೆಯಲಿಲ್ಲ. ವಿದ್ಯಾಲಯದ ಮುಖ್ಯಸ್ಥನಾದ ಪಿನ್ಯೇ ಎಂಬವನು ವಿದ್ಯಾರ್ಥಿಗಳಿಗೆ ಅದನ್ನು ಬಳಸುವ ಅವಕಾಶವಿತ್ತಿದ್ದನು. 1840ರಲ್ಲಿ ಅವನನ್ನು ಅಧಿಕಾರದಿಂದ ಇಳಿಸಿ ಡ್ಯೂಫೋ ಎಂಬವನನ್ನು ಆ ಸ್ಥಾನಕ್ಕೆ ತಂದರು. ಡ್ಯೂಫೋ ಕೆಟ್ಟವನಲ್ಲ, ಅಂಧರ ಶಿಕ್ಷಣದ ವಿಷಯದಲ್ಲಿ ಗ್ರಂಥವನ್ನು ಬರೆದ ವಿದ್ವಾಂಸನು. ಕಣ್ಣುಳ್ಳವರು ಓದಲಾರದ ಲಿಪಿಯನ್ನು ಅಂಧರಿಗೆ ಕೊಟ್ಟರೆ ಅವರು ಸಮಾಜದಿಂದ ದೂರವಾಗುವರೆಂಬ ಭಾವನೆಯು ಅಂದಿನ ಅನೇಕ ಶಿಕ್ಷಕರಲ್ಲಿ ಬೇರೂರಿದ್ದಿತು. ಆದುದರಿಂದ ಉಬ್ಬಕ್ಷರಗಳಿಗೇ ಪುನಃ ಪಟ್ಟಗಟ್ಟಲಾಯಿತು. ಚುಕ್ಕೆಯ ಲಿಪಿಗೆ ತರಗತಿಗಳಲ್ಲಿ ಎಡೆಯಿಲ್ಲದಾಯಿತು.

ಇಲ್ಲಿ ವಾಚಕರು ಗಮನಿಸತಕ್ಕ ಸಂಗತಿಯೊಂದುಂಟು. ಮೇಲಿನವರು ಕೈಬಿಟ್ಟರೂ ವಿದ್ಯಾರ್ಥಿಗಳು ಆ ಲಿಪಿಯನ್ನು ಕೈಬಿಡಲಿಲ್ಲ. ಪಾಠಗಳ ಟಿಪ್ಪಣಿಗಳನ್ನೂ ಗೆಳೆಯರಿಗೆ ಓಲೆಗಳನ್ನೂ ಗುಟ್ಟಾಗಿ ಅದರಲ್ಲಿಯೇ ಬರೆದುಕೊಳ್ಳುತ್ತಿದ್ದರು. ಹಿರಿಯ ಹುಡುಗರು ಕಿರಿಯರಿಗೆ ಕಲಿಸುತ್ತಿದ್ದರು. ಏಕೆಂದರೆ ಅದರಲ್ಲಿ ಅವರು ಮೊದಲ ಬಾರಿಗೆ ಬೇರೊಬ್ಬರ ಕಣ್ಣಿನ ಹಂಗಿಲ್ಲದೆ ತಮ್ಮ ಮನಸ್ಸನ್ನು ಬರೆದಿಡಬಲ್ಲವರಾಗಿದ್ದರು, ಬರೆದುದನ್ನು ತಾವೇ ಓದಿ ತಿದ್ದಬಲ್ಲವರಾಗಿದ್ದರು. ಆ ರುಚಿಯನ್ನು ಒಮ್ಮೆ ಕಂಡವರಿಗೆ ಆಜ್ಞೆಯಿಂದ ಅದನ್ನು ಮರೆಯಿಸುವುದು ಹೇಗೆ ಸಾಧ್ಯ? ಇದು ಹಟಮಾರಿತನವೆಂದು ಯಾರಾದರೂ ಭಾವಿಸಿದರೆ ಅದು ಸರಿಯಲ್ಲ. ತಮ್ಮ ಬೆರಳಿಗೆ ಯಾವುದು ಓದುವಂತಹುದೆಂಬುದನ್ನು ಅವರಷ್ಟು ಬಲ್ಲವರು ಆ ವಿದ್ಯಾಲಯದಲ್ಲಿ ಮತ್ತಾರೂ ಇರಲಿಲ್ಲ.

ಸಮಾಜದಿಂದ ದೂರವಾಗುವರೆಂಬ ಆಕ್ಷೇಪಕ್ಕೂ ಬ್ರೈಲನು ಕೃತಿಯಿಂದ ಉತ್ತರವಿತ್ತನು. ಅಂಧನು ತನ್ನ ತಾಯಿಗೋ ಗೆಳೆಯನಿಗೋ ಪತ್ರ ಬರೆಯಬೇಕಾದರೆ ಅವರು ಓದಬಲ್ಲ ಅಕ್ಷರಗಳೇ ಬೇಕಷ್ಟೆ. ಇದಕ್ಕಾಗಿ ಸಾಮಾನ್ಯ ಅಕ್ಷರಗಳ ಆಕಾರವನ್ನೇ ಚುಕ್ಕೆಗಳಿಂದ ಮೂಡಿಸುವ ಇನ್ನೊಂದು ವಿಧಾನವನ್ನು 1839ರಲ್ಲಿ ಪ್ರಕಟಿಸಿದನು. ಕೈಯಿಂದ ಒತ್ತುವಾಗ ಅದು ನಿಧಾನವಾಗುತ್ತಿದ್ದುದರಿಂದ, ಫೂಕೋ ಎಂಬ ಮತ್ತೊಬ್ಬ ಅಂಧನು 1841ರಲ್ಲಿ ಅದಕ್ಕೆ ತಕ್ಕ ಯಂತ್ರವೊಂದನ್ನು ಮಾಡಿದನು. ಹೀಗೆ ತನ್ನವರೊಡನೆ ಸಂಭಾಷಿಸಲು ಒಂದು ದಾರಿ, ತನ್ನ ಸ್ವಂತ ಓದು ಬರಹಗಳಿಗೆ ಮತ್ತೊಂದು ದಾರಿ, ಎರಡನ್ನೂ ಅಂಧರೇ ಅಂಧರಿಗೆ ತೆರೆದರು. ಮನೆಯ ಗುಟ್ಟಿನ ಮಾತನ್ನು ಲಿಪಿಕಾರನ ಮುಂದೆ ಹೇಳಿ ಬರೆಸುವ ಸಂಕಟವು ತಪ್ಪಿತು.

1843ರಲ್ಲಿ ವಿದ್ಯಾಲಯವು ಹೊಸ ಕಟ್ಟಡಕ್ಕೆ ಹೋಯಿತು. 1844ನೆಯ ಇಸವಿ ಫೆಬ್ರುವರಿ ತಿಂಗಳಲ್ಲಿ ಅದರ ಪ್ರಾರಂಭೋತ್ಸವ ನಡೆಯಿತು. ಡ್ಯೂಫೋವಿನ ಸಹಾಯಕನಾದ ಗುವಾದೇ ಎಂಬವನು ಈ ನಡುವೆ ವಿದ್ಯಾರ್ಥಿಗಳ ಅನುಭವವನ್ನು ಕಣ್ಣಾರೆ ಕಂಡು ಮನಸ್ಸನ್ನು ಬದಲಾಯಿಸಿಕೊಂಡಿದ್ದನು. ಅವನು ತುಂಬಿದ ಸಭೆಯಲ್ಲಿ ಬ್ರೈಲನ ಲಿಪಿಯ ಗುಣಗಳನ್ನು ವಿವರಿಸಿದನು; ವಿದ್ಯಾರ್ಥಿಗಳು ಬರೆದು ಓದಿ ಎಲ್ಲರೆದುರಿಗೆ ತೋರಿಸಿದರು. ಅಂದಿನಿಂದ ವಿರೋಧವು ಕರಗತೊಡಗಿತು. ತನ್ನ ಅಭಿಪ್ರಾಯವನ್ನು ಬದಲಿಸಲು ಅಂಜದ ಗುವಾದೇಯೂ ಈ ಚರಿತ್ರೆಯಲ್ಲಿ ಗೌರವಕ್ಕೆ ಪಾತ್ರನು.

ಬ್ರೈಲನ ರೋಗವು ಮಾತ್ರ ಕರಗಲಿಲ್ಲ. 1851ರ ಡಿಸೆಂಬರಿನಲ್ಲಿ ರಕ್ತಸ್ರಾವವಾಗಿ ಹಾಸಿಗೆ ಹಿಡಿದನು. 1852ನೆಯ ಇಸವಿ ಜನವರಿ 6ನೆಯ ದಿನ, 43 ವರುಷಗಳು ತುಂಬಿದ ಎರಡೇ ದಿನಗಳಲ್ಲಿ, ಆ ವಿದ್ಯಾಲಯದಲ್ಲಿಯೇ ದೇಹವನ್ನು ಬಿಟ್ಟನು. ತೀರಿಹೋಗುವ ಮುಂಚೆ ಒಂದು ಪೆಟ್ಟಿಗೆಯನ್ನು ತೆರೆಯದೆ ಸುಟ್ಟುಬಿಡುವಂತೆ ತಿಳಿಸಿದ್ದನೆಂದೂ, ಅದರಲ್ಲಿದ್ದುದು ವಿದ್ಯಾರ್ಥಿಗಳು ಅವನಿಂದ ಪಡೆದ ಸಾಲದ ಚೀಟಿಗಳೆಂದೂ ಅವನ ಚರಿತ್ರಕಾರರು ಹೇಳುವರು. ಕೂವ್ರೇ ಗ್ರಾಮದಲ್ಲಿ ತಂದೆಯ ಬಳಿಯಲ್ಲಿಯೇ ಅವನನ್ನು ಸಮಾಧಿ ಮಾಡಿದರು. ಎರಡು ವರುಷಗಳ ಮೇಲೆ, 1854ರಲ್ಲಿ, ಅವನ ಲಿಪಿಗೆ ಫ್ರಾನ್ಸಿನಲ್ಲಿ ಅಧಿಕೃತ ಮನ್ನಣೆಯು ದೊರಕಿತು. ತನ್ನ ಕೃಷಿಯ ಫಲವನ್ನು ಕಾಣುವ ಭಾಗ್ಯವು ಅವನಿಗಿರಲಿಲ್ಲ.

ಅನಂತರದ ಸಂಗತಿಗಳೂ ಇದೇ ತತ್ತ್ವವನ್ನು ಸಾರುತ್ತವೆ. ಇಂಗ್ಲೆಂಡಿನಲ್ಲಿ ಆಗ ನಾಲ್ಕೈದು ಬಗೆಯ ಉಬ್ಬುಲಿಪಿಗಳು ಪೈಪೋಟಿ ನಡೆಸುತ್ತಿದ್ದುವು. ದೃಷ್ಟಿ ಕುಂದಿ ವೈದ್ಯವೃತ್ತಿಯನ್ನು ಬಿಟ್ಟ ಆರ್ಮಿಟೇಜ್ ಎಂಬ ಮಹಾನುಭಾವನು 1868ರಲ್ಲಿ ಒಂದು ಸಮಿತಿಯನ್ನು ಕೂಡಿಸಿದನು. ಬೆರಳಿನಿಂದ ಓದುವವರೇ ಸದಸ್ಯರಾಗಬೇಕು, ಮೂರಾದರೂ ಲಿಪಿಗಳನ್ನು ಬಲ್ಲವರಾಗಬೇಕು, ಯಾವ ಲಿಪಿಯಿಂದಲೂ ಹಣದ ಲಾಭವಿರಬಾರದು, ಇವು ಅವನ ನಿಬಂಧನೆಗಳು. ಆ ಅಂಧರ ಸಮಿತಿಯು ಎಲ್ಲವನ್ನೂ ಪರೀಕ್ಷಿಸಿ ಬ್ರೈಲನ ಲಿಪಿಯನ್ನೇ ಆರಿಸಿತು. 1878ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನವೂ ಅದನ್ನೇ ಎತ್ತಿಹಿಡಿಯಿತು. ಅಮೆರಿಕಾ ದೇಶದಲ್ಲಿ ಬೇರೆ ಬೇರೆ ಚುಕ್ಕೆಲಿಪಿಗಳ ಜಗಳವು ಬಹುಕಾಲ ನಡೆದು, 1932ರಲ್ಲಿ ಇಂಗ್ಲಿಷ್ ಭಾಷೆಗೆಲ್ಲ ಒಂದೇ ಬ್ರೈಲ್ ಕ್ರಮವು ನಿಂತಿತು. ನಮ್ಮ ದೇಶದಲ್ಲಿಯೂ ಹಲವು ಕ್ರಮಗಳಿದ್ದುವು. 1951ರಲ್ಲಿ ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತೀ ಬ್ರೈಲ್ ಏರ್ಪಟ್ಟಿತು. ಅದರಲ್ಲಿ ಕನ್ನಡದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಒಂದೇ ಸಂಕೇತ. ಕನ್ನಡದ ಅಂಧಬಾಲಕನು ಇಂದು ತನ್ನ ನುಡಿಯನ್ನು ಓದುವುದು ಆ ಜೀನಗಾರನ ಮಗನು ಕಲ್ಪಿಸಿದ ಆರು ಚುಕ್ಕೆಗಳಿಂದಲೇ. 1952ರಲ್ಲಿ, ಬ್ರೈಲನು ತೀರಿದ ನೂರು ವರುಷಗಳಿಗೆ, ಫ್ರಾನ್ಸ್ ದೇಶವು ಅವನ ಅಸ್ಥಿಗಳನ್ನು ಮಹಾಪುರುಷರ ಸಮಾಧಿಮಂದಿರವಾದ ಪ್ಯಾಂಥಿಯನ್ನಿಗೆ ಮೆರವಣಿಗೆಯಿಂದ ತಂದಿತು. ಆದರೆ ಕೈಗಳ ಅಸ್ಥಿಗಳನ್ನು ಹುಟ್ಟಿದೂರಿನವರು ತಮ್ಮಲ್ಲಿಯೇ ಉಳಿಸಿಕೊಂಡರು.

ನಮ್ಮ ನಾಡಿಗೆ ಈ ತತ್ತ್ವವು ಹೊಸದೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧಬಾಲಕರಿಗೆ ಸಂಗೀತವನ್ನು ಧಾರೆಯೆರೆದ ಪಂಚಾಕ್ಷರ ಗವಾಯಿಗಳು (1892-1944) ಸ್ವತಃ ಅಂಧರು. ಅವರ ಪೀಠವನ್ನು ಬೆಳಗಿದ ಪುಟ್ಟರಾಜ ಗವಾಯಿಗಳೂ (1914-2010) ಅಂಧರು. ಅಂಧರ ಹಿತವನ್ನು ಅಂಧರೇ ನಿಂತು ನಡೆಯಿಸಿದರೆ ಎಂತಹ ಫಲವಾಗುವುದೆಂಬುದನ್ನು ಕನ್ನಡಿಗರು ಕಂಡಿರುವರು. ಭಾರತದ 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾನೂನು ಸಹ, ಅವರ ಸಹಜವಾದ ಘನತೆಯನ್ನೂ, ತಮ್ಮ ವಿಷಯದಲ್ಲಿ ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಪೀಠಿಕೆಯಲ್ಲಿಯೇ ಎತ್ತಿ ಹೇಳಿದೆ.

ಕಾನೂನು ಹೇಳಿದರೆ ಮಾತ್ರ ಸಾಲದು. ಅದು ಸೇವೆ ಮಾಡುವವರ ನಡತೆಯಲ್ಲಿ ಇಳಿಯಬೇಕು. ಅಂಧನಾದ ಹುಡುಗನು ಮಠದ ಪಾಠಶಾಲೆಗೆ ಬಂದರೆ, ಅವನಿಗೆ ಸಂಗೀತವೇ ಸಾಕೆಂದು ನಾವೇ ಗೊತ್ತುಮಾಡಿಬಿಡದೆ, ಗಣಿತವನ್ನು ಕಲಿಯಬಯಸುವೆಯೋ ಶಾಸ್ತ್ರವನ್ನು ಓದಬಯಸುವೆಯೋ ಎಂದು ಅವನನ್ನೇ ಕೇಳಬೇಕು. ನಡೆಯಲಾರದವಳಿಗೆ ಗಾಲಿಕುರ್ಚಿಯನ್ನು ಕೊಡುವಾಗ ಎತ್ತ ಹೋಗಬೇಕೆಂಬುದನ್ನು ಅವಳಿಗೇ ಬಿಡಬೇಕು. ಮಾತು ತಡವರಿಸುವವನ ಮಾತು ಮುಗಿಯುವತನಕ ಕಾಯಬೇಕು. ಅನ್ನವನ್ನು ಬಡಿಸುವಾಗಲೂ ಇನ್ನಷ್ಟು ಬೇಕೋ ಸಾಕೋ ಎಂದು ಉಣ್ಣುವವನನ್ನು ಕೇಳುವುದು ನಮ್ಮ ದಾಸೋಹದ ಪದ್ಧತಿ. ಅಕ್ಷರವನ್ನು ಬಡಿಸುವಾಗಲೂ ಇದೇ ವಿನಯವು ನಮ್ಮಲ್ಲಿರಲಿ. ಹೀಗೆ ನಡೆದರೆ ಲೂಯಿ ಬ್ರೈಲ್ ಮಹಾಶಯನ ಸ್ಮರಣೆಯು ಸಾರ್ಥಕವಾಗುವುದು; ನಮ್ಮ ವಿದ್ಯಾದಾನವೂ ಪೂರ್ಣವಾಗುವುದು.